ಒಂಬತ್ತು ದಿನದ ಸುಳಿ

ಕುಷ್ಟಣ್ಣ ಯಾವುದನ್ನೂ ನೇರವಾಗಿ ನೋಡಿದ್ದನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ದಡಕ್ಕೇರಿದ ಬೋಟಿನೆದುರು ನಿಂತರೆ, ತಲೆಯನ್ನು ಎಡಹೆಗಲಿಗೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಏಡಿಯಂತೆ ಅಡ್ಡಡ್ಡ ಹೆಜ್ಜೆಯಿಡುತ್ತ ಅದನ್ನು ಪೂರ್ತಿ ಒಂದು ಸುತ್ತು ಬಂದ ಮೇಲೆಯೇ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವನು. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಸಿನಿಮಾ ಫಲಕ ಬರೆದು, ಫ್ಲೆಕ್ಸ್ ಬಂದು ಆ ಕೆಲಸ ಮುಗಿದಾಗ ಊರಿಗೆ ಮರಳಿ, ಬೈಂದೂರು ಕಡೆಯ ನಮ್ಮ ಬಂದರಿನಲ್ಲಿ ಬೋಟುಗಳಿಗೆ ಬಣ್ಣ ಬಳಿಯುತ್ತಿದ್ದ. ಮುಂಬಯಿಯಿಂದ ತಂದದ್ದು ಎರಡೇ ವಸ್ತು: ಸೆಖೆಯಲ್ಲೂ ಕಳಚದ ಖಾಕಿ ಕೋಟು, ಮತ್ತು ಫುಟ್‌ಪಾತಿನಲ್ಲಿ ಕೊಂಡ, ರಟ್ಟು ಕಿತ್ತುಹೋದ ಇಂಗ್ಲಿಷ್ ಚಿತ್ರಕಲಾ ಪುಸ್ತಕ.

2004ರಲ್ಲಿ ನಾನು ಬಂದರಿನ ಹೈಸ್ಕೂಲಿಗೆ ಮೇಷ್ಟರಾಗಿ ಬಂದ ಹೊಸತರಲ್ಲಿ, ಆ ಪುಸ್ತಕದ ಒಂದು ಅಧ್ಯಾಯ ಓದಿ ಹೇಳಬೇಕೆಂದು ಹಿಡಿದು ಕೂರಿಸಿದ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಂಜೆ ಓದಿದೆ. 1914ರ ಲಂಡನ್ನಿನಲ್ಲಿ ಕೆಲವು ಕಲಾವಿದರು, ಯಂತ್ರಯುಗಕ್ಕೆ ಚೂಪುಕೋನಗಳೇ ತಕ್ಕ ಭಾಷೆಯೆಂದು ಘೋಷಿಸಿ, ವೋರ್ಟಿಸಿಸಂ ಎಂಬ ಪಂಥ ಕಟ್ಟಿದ್ದರು. ತಮ್ಮ ಪತ್ರಿಕೆಯ ಎರಡೇ ಸಂಚಿಕೆ ತರುವಷ್ಟರಲ್ಲಿ ಮಹಾಯುದ್ಧ ಅವರನ್ನು ಚದುರಿಸಿತ್ತು. ವೋರ್ಟೆಕ್ಸ್ ಎಂದರೆ ನೀರಿನ ಸುಳಿ; ನಾನದನ್ನು ‘ಸುಳಿಪಂಥ’ ಎಂದು ಕನ್ನಡಿಸಿದೆ.

“ಸುಳಿ ನಡು ಅಲ್ಲಾಡುದಿಲ್ಲೆ ಮಾಷ್ಟ್ರೇ,” ಎಂದ ಕುಷ್ಟಣ್ಣ. “ಅಲ್ಲ್ ನಿಂತ್ಕಂಡ್ ಚಿತ್ರ ಬಿಡ್ಸ್ಕ್.”

ಆ ಪಂಥದವನೊಬ್ಬ ಮುಂದೆ ಯುದ್ಧದ ಹಡಗುಗಳಿಗೆ ಕಪ್ಪು ಬಿಳಿ ಓರೆಪಟ್ಟೆ ಬಳಿಸಿದನೆಂದೂ, ಹಡಗು ಯಾವ ಕಡೆ ಹೋಗುತ್ತಿದೆಯೆಂದು ಶತ್ರುವಿಗೆ ತಿಳಿಯದಿರಲೆಂದೇ ಆ ಉಪಾಯವೆಂದೂ ಓದಿದಾಗ ಅವನ ಕಣ್ಣು ಅರಳಿತು. ಇಲ್ಲಿನ ಬೋಟಿಗೂ ಅದನ್ನೇ ಬಳಿಯುವ ಯೋಚನೆಯೋ ಎಂದು ನಾನು ಅನುಮಾನದಿಂದ ಕೇಳಿದೆ. “ನಮ್ಗ್ ವೈರಿ ಯಾರ್ ಇದ್ರ್? ಬಂಗ್ಡಿ ಮೀನಾ?” ಎಂದು ನಕ್ಕುಬಿಟ್ಟ.

ಆ ಮಳೆಗಾಲದ ಕೊನೆಯಲ್ಲಿ ನಮ್ಮ ಬಂದರಿನ ಸೂರಣ್ಣ ತನ್ನ ಬೋಟನ್ನು ಬಣ್ಣಕ್ಕೆಂದು ಅವನಿಗೊಪ್ಪಿಸಿ ಬ್ರಹ್ಮಾವರಕ್ಕೆ ನೆಂಟರ ಮದುವೆಗೆ ಹೋಗಿದ್ದ. ಬಂದು ನೋಡಿದರೆ, ಮೂತಿಯಿಂದ ಹಿಂಬದಿಯವರೆಗೆ ಬಿರುಸಿನ ಪಟ್ಟೆಗಳು ಒಂದನ್ನೊಂದು ಕಡಿದು, ನಿಂತ ಬೋಟೇ ಓಡುವಂತೆ ಕಾಣುತ್ತಿತ್ತು.

“ಹ್ವಾಯ್ ಕುಷ್ಟ, ಹುಲಿ ವೇಷದ್ ಬಣ್ಣ ಉಳ್ದಿತ್ತಾ? ಎಂತ ಇದ್?”

“ಸುಳಿ.”

ಸೂರಣ್ಣನ ನಗು ನಿಂತಿತು. “ಸುಳಿಗ್ ಸಿಕ್ಕುದ್ ಬ್ಯಾಡ ಅಂದೇಳಿ ನಾವ್ ಹರ್ಕಿ ಹೊತ್ಕಂಬ್ದ್. ನೀನ್ ಅದನ್ನೇ ಬೋಟಿಗ್ ಬಳ್ದ್ಯಲೆ.”

ಮರುದಿನವೇ ಕಡಲಿಗಿಳಿಯಬೇಕಿದ್ದುದರಿಂದ ಬೋಟು ಹಾಗೆಯೇ ಹೋಯಿತು. ಕುಂದಾಪುರದಿಂದಲೂ ಜನ ಬಂದು ನೋಡಿದರು. ಒಂಬತ್ತನೆಯ ದಿನ ಬೆಳಿಗ್ಗೆ, ನದಿ ಕಡಲನ್ನು ಸೇರುವ ಅಳಿವೆಯ ಇಕ್ಕಟ್ಟಿನಲ್ಲಿ, ಎದುರಿನಿಂದ ಬಂದ, ನಮ್ಮ ಬಂದರಿನದೇ ಆದ ದೇವುವಿನ ಬೋಟು ಅದರ ಮಗ್ಗುಲಿಗೆ ಬಡಿದು ಎರಡು ಹಲಗೆ ಸೀಳಿದವು. ಯಾರಿಗೂ ಪೆಟ್ಟಾಗಲಿಲ್ಲ.

“ಬತ್ತಿತ್ತಾ ಹೋತಿತ್ತಾ ಗೊತ್ತಾಯ್ಕಲ್ದಾ?” ದೇವು ಬೋಟು ಕಟ್ಟುವ ದಕ್ಕೆಯಲ್ಲಿ ನಿಂತು ಕೇಳಿದ. “ಮೂತಿ ಎಲ್ಲಿತ್, ಬಾಲ ಎಲ್ಲಿತ್?”

ಕುಷ್ಟಣ್ಣ ನನ್ನ ಕಿವಿಯಲ್ಲಿ ಮೆಲ್ಲಗೆ, “ಆ ಉಪಾಯಕ್ಕ್ ತೊಂಬತ್ ವರ್ಷ ಆಯ್ತ್, ಇನ್ನೂ ಕೆಲ್ಸ ಮಾಡತ್ ಕಾಣಿ,” ಎಂದ. ಆದರೆ ಸೀಳಿದ ಹಲಗೆಯನ್ನು ಮುಟ್ಟಿ ನೋಡಿದವನ ಮುಖದ ಹೆಮ್ಮೆ ಆಮೇಲೆ ಇಳಿದುಹೋಯಿತು.

ಆ ಪಟ್ಟೆಗಳನ್ನು ಅಳಿಸದಿದ್ದರೆ ಈ ಬಂದರಿನ ಯಾವ ಬೋಟನ್ನೂ ಅವನು ಮುಟ್ಟಕೂಡದೆಂದು ಎಲ್ಲರೂ ತೀರ್ಮಾನಿಸಿದರು. ಸೂರಣ್ಣನೇ ಕರಗಿ, “ಮೂತಿ ಒಂದ್ ಅಳ್ಸ್, ಸಾಕ್,” ಎಂದ.

“ಅರ್ಧ ಅಳ್ಸುಕಾತಿಲ್ಲೆ. ಮತ್ತೆ ಅದ್ ಚಿತ್ರವೂ ಅಲ್ಲ, ಬೋಟೂ ಅಲ್ಲ.”

ಕುಷ್ಟಣ್ಣ ಎರಡು ದಿನ ತಾನೇ ಎಲ್ಲವನ್ನೂ ಉಜ್ಜಿ, ದೂರಕ್ಕೆ ಕಾಣುವ ಕಿತ್ತಳೆ ಬಣ್ಣ ಬಳಿದ. ಉಜ್ಜುವ ಮೊದಲೊಂದು ಫೋಟೋ ಇರಲೆಂದು ನಾನು ಕ್ಯಾಮೆರಾ ಎರವಲು ತಂದಿದ್ದೆ. ಅಡ್ಡ ಬಂದು ನಿಂತ: “ಬ್ಯಾಡ ಮಾಷ್ಟ್ರೇ. ಗೋಡಿಗ್ ನೇಲ್ಸುಕೆ ಬರ್ದದ್ದಲ್ಲ ಅದ್.”

ಮರುವರ್ಷ ಮಳೆಗಾಲದಲ್ಲಿ ಬಣ್ಣ ಬಳಿಯಲು ಅವನನ್ನು ಮೊದಲು ಕರೆದವನು ದೇವು. “ಎಂತ ಬೇಕಾರೂ ಬರಿ. ಮೂತಿ ಎಲ್ಲಿತ್ ಅಂದೇಳಿ ಗೊತ್ತಾಯ್ಕ್, ಅಷ್ಟೇ.”

ಕೃತಿಗಳನ್ನು ಉಳಿಸಿಹೋದವರ ಕತೆಯನ್ನು ಪುಸ್ತಕಗಳು ಹೇಳುತ್ತವೆ. ಜನ ಜೀವವಿಟ್ಟು ಏರುವ ವಸ್ತುವಿನ ಮೇಲೆ ಚಿತ್ರ ಬರೆಯುವವರು ಬೇರೆಯೇ ಬಗೆಯವರು. ಮೆಚ್ಚುವ ಕಣ್ಣಿಗಿಂತ, ಎದುರು ಬರುವ ಬೋಟಿನ ಚುಕ್ಕಾಣಿ ಹಿಡಿದವನ ಕಣ್ಣು ಅವರಿಗೆ ದೊಡ್ಡದು. ತಮ್ಮ ಅತ್ಯುತ್ತಮ ಕೆಲಸವನ್ನು ಅವರು ಅಳುಕಿಲ್ಲದೆ ಉಜ್ಜಿಹಾಕಬಲ್ಲರು. ಅದನ್ನು ಬರೆದ ಕೈ ತಮ್ಮ ಬಳಿಯೇ ಉಳಿಯುತ್ತದೆಂದು ಅವರಿಗೆ ಗೊತ್ತು.