ಗೋಡೆಗೆ ಮುಖ ಮಾಡಿದ ಗೊಂಬೆಗಳು

ನಮ್ಮ ಜನಕ್ಕೆ ಒಂದು ಒಳ್ಳೆಯ ಗುಣವಿದೆ. ಅದೇ ಕೆಟ್ಟ ಗುಣವೂ ಹೌದು. 'ನಮ್ಮವರೇ ತಾನೇ' ಅಂದುಬಿಟ್ಟರೆ ಮುಗಿಯಿತು, ಮನೆಯ ಬೀಗದ ಕೈಯಿಂದ ಹಿಡಿದು ವೈಫೈ ಪಾಸ್‌ವರ್ಡಿನವರೆಗೆ ಎಲ್ಲವನ್ನೂ ಹಂಚಿಬಿಡುತ್ತೇವೆ. ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿರುವ ಶೋಭನಾ ಮತ್ತು ಅನಂತಕೃಷ್ಣ ದಂಪತಿ ಮಾಡಿದ್ದೂ ಅದನ್ನೇ.

ಶೋಭನಾಗೆ ದಸರಾದಲ್ಲಿ ಗೊಂಬೆ ಕೂರಿಸುವ ಆಸೆ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ಬಿಟ್ಟರೆ ಬೇರೆ ಗೊಂಬೆ ಇಲ್ಲ. ಅದಕ್ಕೇ ಅನಂತಕೃಷ್ಣ ಒಂದು ತ್ರೀಡಿ ಪ್ರಿಂಟರ್ ಕೊಂಡ. ರೀಲಿಗೆ ಸುತ್ತಿದ ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಚಕ್ಕುಲಿ ಒತ್ತಿದ ಹಾಗೆ ಪದರದ ಮೇಲೆ ಪದರ ಹಾಕಿ, ಬೇಕಾದ ಆಕಾರ ಮಾಡಿಕೊಡುವ ಯಂತ್ರ ಅದು. ಮನೆಯಲ್ಲಿ ಜಾಗ ಸಾಲದೆ ಕಟ್ಟಡದ ನೆಲಮಾಳಿಗೆಯ ಹಾಬಿ ರೂಮಿನಲ್ಲಿ ಅದನ್ನಿಟ್ಟರು. ಉಳಿದ ಕನ್ನಡದ ಮನೆಯವರೂ ಗೊಂಬೆ ಮಾಡಿಕೊಳ್ಳಲಿ ಎಂದು, ಆ ಕೋಣೆಯ ಬಾಗಿಲಿನ ಕೋಡನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಒಂದು ಮೆಮೊರಿ ಕಾರ್ಡ್ ತಂದು ಸಿಕ್ಕಿಸಿದರೆ ಯಾರು ಬೇಕಾದರೂ ಪ್ರಿಂಟ್ ಮಾಡಬಹುದಿತ್ತು.

ದಸರಾ ಚೆನ್ನಾಗಿಯೇ ಆಯಿತು. ಬಣ್ಣ ಸರಿಯಾಗಿ ಕೂರದ ಹನ್ನೊಂದು ಗೊಂಬೆಗಳು ಮತ್ತು ಆನೆಗಳಿಗೆಂದು ತರಿಸಿ ಬಿಚ್ಚದೇ ಇಟ್ಟಿದ್ದ ಒಂದು ಕಪ್ಪು ರೀಲು ಕೆಳಗೇ ಉಳಿದವು. ಕೋಡ್ ಬದಲಿಸುವುದು ಯಾರಿಗೂ ನೆನಪಾಗಲಿಲ್ಲ.

ನವೆಂಬರ್ ಬಂತು. ಮಧ್ಯಾಹ್ನ ಮೂರಕ್ಕೇ ಕತ್ತಲು. ಕಟ್ಟಡದವರೆಲ್ಲ ಸರದಿಯಲ್ಲಿ ಬಳಸುವ ಒಗೆಯುವ ಯಂತ್ರ ಇರುವುದೂ ಕೆಳಗೇ; ಒಂದು ಮಂಗಳವಾರ ಶೋಭನಾ ತಾನು ಬುಕ್ ಮಾಡಿದ್ದ ಹೊತ್ತಿಗೆ ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದಳು. ಅಲ್ಲಿನ ದೀಪಗಳು ಮನುಷ್ಯರು ನಡೆದಾಡಿದರೆ ಮಾತ್ರ ಉರಿಯುತ್ತವೆ. ಅವಳು ಹೋಗುವಷ್ಟರಲ್ಲಿ ಹಾಬಿ ರೂಮಿನ ಮುಂದಿನ ದೀಪ ಆಗಲೇ ಉರಿಯುತ್ತಿತ್ತು. ನೋಡುತ್ತಿದ್ದಂತೆ ಆರಿಹೋಯಿತು.

"ಯಾರ್ರೀ ಅದು?" ಎಂದು ಕೂಗಿದಳು.

ಬಾಗಿಲು ತೆರೆದು ನೋಡಿದರೆ ಒಳಗೆ ಯಾರೂ ಇಲ್ಲ. ಪ್ರಿಂಟರಿನ ತಟ್ಟೆ ಮುಟ್ಟಿದಳು. ಬಿಸಿಯಿತ್ತು. ತಲೆಯೆತ್ತಿ ಕಪಾಟಿನ ಕಡೆ ನೋಡಿದಳು. ಹನ್ನೊಂದು ಗೊಂಬೆಗಳೂ ಗೋಡೆಗೆ ಮುಖ ಮಾಡಿ ನಿಂತಿದ್ದವು. ಶೆಟ್ಟಿ, ಶೆಟ್ಟಿಯ ಹೆಂಡತಿ, ಓಲಗದವರು, ಒಂದೂ ಬಿಡದೆ.

ಮನೆಗೆ ಬಂದು ಹೇಳಿದರೆ ಅನಂತಕೃಷ್ಣ ನಕ್ಕ. "ಸ್ವೀಡನ್ ದೆವ್ವಕ್ಕೆ ನಮ್ಮ ಗೊಂಬೆ ಇಷ್ಟ ಆಗ್ಲಿಲ್ಲ ಅನ್ಸುತ್ತೆ. ಯಾರೋ ಮಕ್ಕಳು ಆಟ ಆಡಿರ್ತಾರೆ ಕಣೇ. ಹಗ್ಗ ನೋಡಿ ಹಾವು ಅಂತೀಯಲ್ಲ!"

ಗುರುವಾರ ಮತ್ತೆ ಹೋದಳು. ತಾನೇ ತಿರುಗಿಸಿಟ್ಟು ಬಂದಿದ್ದ ಗೊಂಬೆಗಳು ಮತ್ತೆ ಗೋಡೆ ನೋಡುತ್ತಿದ್ದವು. ಆವತ್ತು ಅವಳ ಕಣ್ಣು ಕಪ್ಪು ರೀಲಿನ ಮೇಲೂ ಬಿತ್ತು. ಬಿಚ್ಚದೇ ಇಟ್ಟಿದ್ದ ಒಂದು ಕಿಲೋ ದಾರದಲ್ಲಿ ಈಗ ಒಂದು ಹಿಡಿಯಷ್ಟು ಮಾತ್ರ ಉಳಿದಿತ್ತು. ಕಸದ ಬುಟ್ಟಿಯಲ್ಲಿ ಸೊಟ್ಟಗಾಗಿ ಅರ್ಧಕ್ಕೆ ನಿಂತ ಒಂದು ಕಪ್ಪು ತುಂಡು ಬಿದ್ದಿತ್ತು. ಕೈಗೆ ತೆಗೆದುಕೊಂಡಳು. ಅದು ಅವಳ ಅಂಗೈಗೆ ಸರಿಯಾಗಿ ಕೂತಿತು. ಬೆರಳು ಇಡಲು ಜಾಗವೂ ಇತ್ತು. ಯಾಕೋ ಅವಳಿಗೆ ಅದನ್ನು ಹಿಡಿದುಕೊಳ್ಳಲೂ ಮನಸ್ಸಾಗಲಿಲ್ಲ, ಬಿಡಲೂ ಮನಸ್ಸಾಗಲಿಲ್ಲ.

"ಡ್ರಿಲ್ ಮಷೀನ್ ಹಿಡಿ ಇರ್ಬೇಕು" ಎಂದ ಅನಂತಕೃಷ್ಣ. ಅದು ಅಡುಗೆಮನೆಯ ಕಿಟಕಿ ಕಟ್ಟೆ ಸೇರಿತು.

ಶನಿವಾರ ಕೋಕಿಲಾ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ-ಹರಟೆಗೆ, ಬಂದಳು. ಶೋಭನಾಳ ಕಾಲೇಜಿನ ಗೆಳತಿ. ಹತ್ತಿರದ ಉಪ್ಸಾಲಾ ಊರಿನಲ್ಲಿ ಸಂಶೋಧಕರು ಉಪಕರಣ ಮಾಡಿಕೊಳ್ಳುವ ವರ್ಕ್‌ಶಾಪ್ ನೋಡಿಕೊಳ್ಳುತ್ತಾಳೆ. ದಿನಬೆಳಗಾದರೆ ಇಂಥ ಪ್ರಿಂಟರುಗಳ ನಡುವೆಯೇ ಇರುವವಳು. ಫಿಲ್ಟರ್ ಕಾಫಿ ಹಿಡಿದು ಕಿಟಕಿಯ ಹತ್ತಿರ ಹೋದವಳು ಅಲ್ಲೇ ನಿಂತಳು. ಲೋಟ ಕೆಳಗಿಟ್ಟಳು.

"ಶೋಭನಾ, ಇದು ಎಲ್ಲಿಂದ ಬಂತು?"

ಶೋಭನಾ ಗೊಂಬೆಗಳ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದಳು.

"ಇನ್ನು ಯಾರೂ ಇದನ್ನ ಮುಟ್ಬೇಡಿ. ನಾನೇನು ಪೊಲೀಸ್ ಅಲ್ಲ, ಆದ್ರೆ ಇಂಥ ಆಕಾರ ಕಂಡ್ರೆ ತಕ್ಷಣ ತಿಳಿಸಿ ಅಂತ ನಮ್ಮ ವರ್ಕ್‌ಶಾಪಲ್ಲಿ ಹೇಳಿಕೊಟ್ಟಿದ್ದಾರೆ. ಇದು ಬಂದೂಕಿನ ಭಾಗದ ಹಾಗಿದೆ."

ಅನಂತಕೃಷ್ಣ ಜೋರಾಗಿ ನಕ್ಕ. ಆದರೆ ನಗು ಅರ್ಧಕ್ಕೇ ನಿಂತಿತು. "ಪ್ಲಾಸ್ಟಿಕ್ ಬಂದೂಕಾ? ಒಂದು ಸಲ ಹೊಡೆದ್ರೆ ಹೊಡೆದವನ ಕೈಯೇ ಹಾರಿಹೋಗುತ್ತೆ."

"ಹಾರಬಹುದು. ಎದುರಿಗೆ ನಿಂತವರ ಪ್ರಾಣಾನೂ ಹಾರಬಹುದು. ಯಾವುದು ಅಂತ ಕಾದು ನೋಡ್ತೀರಾ?"

"ಹಾಗಂತ ಪ್ರಿಂಟರ್ ಇಟ್ಕೊಂಡವರೆಲ್ಲ ಕಳ್ಳರಾ? ನಾಳೆ ಚಾಕು ಮಾಡೋರನ್ನೂ ಹಿಡೀತೀರಾ?"

"ಪ್ರಿಂಟರ್ ತಪ್ಪು ಅಂತ ಯಾರು ಹೇಳಿದ್ರು? ಈ ದೇಶದಲ್ಲಿ ಬೇಟೆಗೆ ಹೋಗೋರು ಎಷ್ಟು ಜನ ಇದ್ದಾರೆ! ಅವರ ಬಂದೂಕಿಗೆ ನಂಬರ್ ಇದೆ, ಲೈಸೆನ್ಸ್ ಇದೆ, ಬೀಗ ಹಾಕಿದ ಕಬ್ಬಿಣದ ಬೀರು ಇದೆ. ಇದಕ್ಕೆ ಏನಿದೆ? ಅಪ್ಪ ಇಲ್ಲ, ಅಮ್ಮ ಇಲ್ಲ. ಪರ್ಮಿಷನ್ ಇಲ್ಲದೆ ಬಂದೂಕು ಮಾಡೋದು ಇಲ್ಲಿ ಅಪರಾಧ. ಕುಲುಮೇಲಿ ಮಾಡಿದ್ರೂ ಅಷ್ಟೇ, ಪ್ರಿಂಟರಲ್ಲಿ ಮಾಡಿದ್ರೂ ಅಷ್ಟೇ. ಅದರ ನಕ್ಷೆ ಇಟ್ಕೊಳ್ಳೋದನ್ನೂ ಅಪರಾಧ ಮಾಡಬೇಕು ಅಂತ ಕೆಲವರು ವಾದ ಮಾಡ್ತಾರೆ. ಹವ್ಯಾಸದವರಿಗೆ ಸುಮ್ಮನೆ ಕಿರುಕುಳ ಆಗುತ್ತೆ ಅಂತ ಇನ್ನು ಕೆಲವರು. ಆ ವಾದ ನಡೀಲಿ, ನಡೀಬೇಕು ಕೂಡ. ಆದ್ರೆ ನಿಮ್ಮ ಬಾಗಿಲ ಕೋಡ್ ಬದಲಾಯಿಸೋಕೆ ಪಾರ್ಲಿಮೆಂಟ್ ಬೇಕಾ?"

ಅನಂತಕೃಷ್ಣನಿಗೆ ನಿಜವಾದ ಭಯ ಬೇರೆಯೇ ಇತ್ತು. ಅದನ್ನೀಗ ಹೊರಗೆ ಹಾಕಿದ. "ಇಲ್ಲಿ ಕಾಯಂ ಆಗಿ ಇರೋಕೆ ಹಾಕಿದ ನಮ್ಮ ಪಿಆರ್ ಅರ್ಜಿ ಇನ್ನೂ ಆಫೀಸಲ್ಲೇ ಕೂತಿದೆ. ಈ ಟೈಮಲ್ಲಿ ಪೊಲೀಸ್ ಹತ್ರ ಹೋಗಿ ನಮ್ಮ ಪ್ರಿಂಟರಲ್ಲಿ ಬಂದೂಕು ಮಾಡಿದ್ದಾರೆ ಅಂತ ಹೇಳ್ಲಾ? ಎಂಟು ವರ್ಷದ ಬದುಕು ಇಲ್ಲಿದೆ. ಇದನ್ನ ಕಸಕ್ಕೆ ಹಾಕಿ, ಪ್ರಿಂಟರ್ ಮಾರಿಬಿಡೋಣ. ಊರ ಉಸಾಬರಿ ನಮಗ್ಯಾಕೆ?"

ಶೋಭನಾಗೂ ಹಾಗೇ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಬೇಕು, ಆ ತುಂಡನ್ನು ಚೀಲದಲ್ಲಿ ಸುತ್ತಿ ದೂರದ ಡಬ್ಬಕ್ಕೆ ಹಾಕಿ ಬರೋಣವೇ ಎಂದು ಅವಳೇ ಎರಡು ಸಲ ಯೋಚಿಸಿದ್ದಳು.

ಕೋಕಿಲಾ ಹೇಳಿದಳು, "ನಾಳೆ ಎಲ್ಲೋ ಇದರ ಜೋಡಿ ತುಂಡು ಸಿಕ್ಕಿತು ಅನ್ಕೊಳ್ಳಿ. ಪ್ರಿಂಟರ್ ನಿಮ್ಮದು, ದಾರ ನಿಮ್ಮದು, ಕೋಡ್ ಹಂಚಿದ ಮೆಸೇಜಲ್ಲಿ ಹೆಸರೂ ನಿಮ್ಮದೇ. ಆಗ ನೀವು ಗೊತ್ತಿದ್ದೂ ಬಾಯಿ ಬಿಡದವರು."

"ಗೊಂಬೆ ಯಾಕೆ ತಿರುಗಿಸಿದ್ರು?" ಎಂದು ಕೇಳಿದಳು ಶೋಭನಾ. ಅವಳನ್ನು ಕೊರೆಯುತ್ತಿದ್ದುದು ಅದೇ.

"ಕಣ್ಣು ನೋಡೋಕೆ ಆಗಿಲ್ಲ. ತಾನು ಮಾಡ್ತಿರೋದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು" ಎಂದಳು ಕೋಕಿಲಾ.

ಸೋಫಾದ ಮೇಲೆ ಓದುತ್ತಿದ್ದ ಮಗಳು ಆರಾಧ್ಯಾ, ಹದಿಮೂರರ ಹುಡುಗಿ, ಪುಸ್ತಕದಿಂದ ತಲೆಯೆತ್ತಲೂ ಇಲ್ಲ. "ಪಪ್ಪಾ, ಸ್ಕೂಲಲ್ಲಿ ನಮಗೆ ಪ್ರಾಕ್ಟೀಸ್ ಮಾಡಿಸಿದ್ದಾರೆ. ಯಾರಾದ್ರೂ ಗನ್ ಹಿಡ್ಕೊಂಡು ಬಂದ್ರೆ ಡೋರ್ ಲಾಕ್ ಮಾಡಿ, ಲೈಟ್ ಆಫ್ ಮಾಡಿ, ಡೆಸ್ಕ್ ಕೆಳಗೆ ಸೈಲೆಂಟಾಗಿ ಕೂತ್ಕೋಬೇಕು. ಇಟ್ಸ್ ಓಕೆ, ನನ್ನ ಜಾಗ ಬಾಗಿಲಿಂದ ದೂರ ಇದೆ. ಬಾಗಿಲ ಹತ್ರ ಲಿನ್ನೇಯಾ ಕೂರ್ತಾಳೆ."

ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿ ಹಾಳೆ ತಿರುಗಿಸಿದಳು. ಅನಂತಕೃಷ್ಣ ಮಗಳನ್ನೇ ನೋಡುತ್ತಾ ಕೂತ. ಅವಳ ಗೆಳತಿ ಲಿನ್ನೇಯಾ ಹೋದ ತಿಂಗಳು ಇದೇ ಮನೆಯಲ್ಲಿ ಸುಂಡಲ್ ತಿಂದು, ಗೊಂಬೆಗೆ ಬಣ್ಣ ಹಚ್ಚಿ ಹೋಗಿದ್ದಳು. ಅವನು ಫೋನು ಕೈಗೆತ್ತಿಕೊಂಡ.

"ನಂಬರ್ ಹೇಳಿ" ಎಂದ.

ಪೊಲೀಸರು ಬಂದರು. ಗದ್ದಲವಿಲ್ಲ, ಗದರಿಕೆಯಿಲ್ಲ. ಒಬ್ಬ ಮಹಿಳಾ ಅಧಿಕಾರಿ ಇಬ್ಬರ ಪರ್ಸನ್‌ನಂಬರ್ (ನಮ್ಮ ಆಧಾರ್ ಸಂಖ್ಯೆಯ ಹಾಗೆ) ಬರೆದುಕೊಂಡು, ಬಹಳ ಹೊತ್ತು ಕೂತು ಕೇಳಿಸಿಕೊಂಡರು. ತುಂಡು, ಪ್ರಿಂಟರ್, ರೀಲು ಮೂರನ್ನೂ ತೆಗೆದುಕೊಂಡು ಹೋದರು. ಅನಂತಕೃಷ್ಣ ಆವತ್ತೇ ಗುಂಪಿನಲ್ಲಿ ವಿಚಾರಿಸಿದ. ಕೋಡ್ ಹಾಕಿದ್ದ ಅವನ ಹಳೆಯ ಮೆಸೇಜು ಒಬ್ಬರಿಂದ ಒಬ್ಬರಿಗೆ ಹಾರಿ, ಅವನು ಹೆಸರೇ ಕೇಳದ ನಾಲ್ಕು ಗುಂಪುಗಳನ್ನು ಸೇರಿತ್ತು. ಯಾರಲ್ಲೂ ಕೆಟ್ಟ ಉದ್ದೇಶವಿರಲಿಲ್ಲ. 'ನಮ್ಮವರೇ ತಾನೇ' ಅಂತ ಎಲ್ಲರೂ ಮುಂದೆ ಕಳಿಸಿದ್ದರು.

ಬಂದವರು ಯಾರೆಂದು ಇನ್ನೂ ತಿಳಿದಿಲ್ಲ. ಪಿಆರ್ ಉತ್ತರವೂ ಬಂದಿಲ್ಲ. ಆದರೂ ಅನಂತಕೃಷ್ಣ ಈಗ ಎಲ್ಲರಿಗೂ ತಾನೇ ಹೇಳುತ್ತಾನೆ, "ನಾನು ಹೇಳಿದ್ದು ಲೇಟು. ನೀವು ಲೇಟ್ ಮಾಡ್ಬೇಡಿ."

ಹೋಗುವ ಮುನ್ನ ಆ ಅಧಿಕಾರಿ ಒಂದೇ ಒಂದು ಪ್ರಶ್ನೆ ಕೇಳಿದ್ದರು: ರೀಲಿನಲ್ಲಿ ಒಂದು ಕಿಲೋ ಇತ್ತಲ್ಲ, ನಿಮಗೆ ಸಿಕ್ಕಿದ್ದು ಒಂದು ಸಣ್ಣ ತುಂಡು. ಉಳಿದದ್ದು ಎಲ್ಲಿ?

ಶೋಭನಾ ಇವತ್ತಿಗೂ ಆ ಲೆಕ್ಕ ಹಾಕುತ್ತಲೇ ಇದ್ದಾಳೆ. ಬಸ್ಸಿನಲ್ಲಿ ಪಕ್ಕದವರು ಜೇಬಿಗೆ ಕೈ ಹಾಕಿದರೆ ಅವಳು ಎದ್ದು ಬೇರೆ ಸೀಟಿಗೆ ಹೋಗುತ್ತಾಳೆ. ಉಳಿದದ್ದು ಎಲ್ಲೋ ಇದೆ, ಯಾರದೋ ಕೈಯಲ್ಲಿದೆ.

ಓದುಗರೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ನಿಮ್ಮ ಪ್ರಿಂಟರ್ ಯಾರ ಕೈಗೆ ಸಿಗುತ್ತದೆ, ಅದರಲ್ಲಿ ಏನು ಮೂಡುತ್ತಿದೆ ಎಂದು ತಿಳಿದಿರಲಿ. ಮಕ್ಕಳೋ ಗೆಳೆಯರೋ ಏನನ್ನಾದರೂ ಮಾಡಿಕೊಡಿ ಎಂದರೆ, ಅದೇನು ಎಂದು ಕೇಳಲು ಸಂಕೋಚ ಬೇಡ. ಅನುಮಾನದ ತುಂಡು ಸಿಕ್ಕರೆ ಮುಟ್ಟಬೇಡಿ, ಎಸೆಯಬೇಡಿ, ಸ್ವೀಡನ್ನಿನಲ್ಲಾದರೆ ಪೊಲೀಸರ 114 14ಕ್ಕೆ ಕರೆ ಮಾಡಿ. ಅಪಾಯ ಎದುರಿಗೇ ಇದ್ದರೆ 112.

ಕೊನೆಗೊಂದು ಮಾತು. ನಿಮ್ಮ ಬಾಗಿಲಿನ ಕೋಡ್ ಈ ಹೊತ್ತು ಎಷ್ಟು ಜನರಿಗೆ ಗೊತ್ತು? ಒಬ್ಬೊಬ್ಬರ ಹೆಸರು ಹೇಳಿ ಎಣಿಸಿ. ಎಣಿಸಲು ಆಗದಿದ್ದರೆ, ಇದನ್ನು ಕೆಳಗಿಟ್ಟು ಈಗಲೇ ಹೋಗಿ ಬದಲಿಸಿ.