ಬಿಚ್ಚದ ಒಳಜೇಬು

ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಗುಂಡಿ ಹಚ್ಚಿ ಹಚ್ಚಿ ಅವಳ ಹೆಸರೇ ಗುಂಡಿಯಕ್ಕ ಎಂದಾಗಿಬಿಟ್ಟಿತ್ತು. ಇವತ್ತು ಆ ಬೆರಳುಗಳಿಗೆ ಕೆಲಸವಿಲ್ಲ. ಕಾರ್ಮಿಕ ಅಧಿಕಾರಿಯ ಕೋಣೆಯ ಬೆಂಚಿನ ಮೇಲೆ ಒಂದನ್ನೊಂದು ಹಿಸುಕುತ್ತ ಕೂತಿದ್ದವು.

ಎರಡು ವರ್ಷದಿಂದ ಹೆಂಗಸರೆಲ್ಲ ಆರಕ್ಕೆ ಹಾಜರಿ ಪುಸ್ತಕದಲ್ಲಿ ‘ಹೊರಟೆ’ ಎಂದು ಸಹಿ ಹಾಕಿ, ಮತ್ತೆ ಎಂಟರವರೆಗೆ ಹೊಲಿದಿದ್ದರು. ಆ ಎರಡು ಗಂಟೆಗೆ ಗಂಡಸರಿಗೆ ಕೂಲಿ, ಇವರಿಗೆ ಬರೀ ಗಾಳಿ. ಕೇಳಿದವರ ಕೆಲಸವೂ ಹೋಗಿತ್ತು. ಇಲ್ಲಿ ಸೋತರೆ ಎರಡೂ ಕೈಬಿಟ್ಟಂತೆ.

“ಆರರ ಮೇಲೆ ಒಬ್ಬ ಹೆಂಗಸೂ ಒಳಗಿರಲ್ಲ. ಪುಸ್ತಕ ನೋಡಿ,” ಎಂದ ಮಾಲೀಕ.

“ಸಾಕ್ಷಿ ಏನಾದ್ರೂ ಇದೆಯೇನಮ್ಮ?” ಅಧಿಕಾರಿ ಕೇಳಿದರು.

ಜೊತೆಗೆ ಕೂತಿದ್ದ ನಾದಿನಿ, ಅದೇ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು, ಮೊಣಕೈಯಿಂದ ತಿವಿದಳು. “ಮಾತಾಡು ಅತ್ತಿಗೆ! ಗುಂಡಿ ನುಂಗಿದೋಳ ಥರ ಕೂತಿದ್ದೀಯಲ್ಲ!”

ಗುಂಡಿಯಕ್ಕನ ಕಣ್ಣು ಮಾಲೀಕನ ವಕೀಲರ ನೀಲಿ ಕೋಟಿಗೆ ಅಂಟಿತ್ತು. ಗುಂಡಿಯ ಬುಡಕ್ಕೆ ನಾಲ್ಕು ಸುತ್ತು, ಮೇಲೊಂದು ಓರೆ ಹೊಲಿಗೆ, ತನ್ನದೇ ಕೈ. ಜನಜಂಗುಳಿಯಲ್ಲಿ ಕಳೆದ ಮಗು ಸಿಕ್ಕಂತಾಯಿತು ಅವಳಿಗೆ.

“ಸ್ವಾಮಿ, ಈ ಕೋಟು ಎಲ್ಲಿ ತಗೊಂಡ್ರಿ?”

“ಇವ್ರೇ ಕೊಟ್ರು, ಹೋದ ವಾರ. ಯಾಕಮ್ಮ, ನನಗೆ ಒಪ್ಪಲ್ವಾ?”

“ಮದುಮಗನ ಹಾಗಿದ್ದೀರಿ. ಆದ್ರೆ ಒಳಗೆ ಎಡಕ್ಕೊಂದು ಪುಟ್ಟ ಜೇಬಿದೆ. ಅದರ ಬಾಯಿ ಬಿಚ್ಚಿದ್ದೀರಾ?”

ಪ್ರತಿ ಕೋಟಿನ ಆ ಜೇಬಿನಲ್ಲೊಂದು ಚೀಟಿ ಇಟ್ಟು ಬಾಯಿ ಹೊಲಿಯುವುದು ಕಾರ್ಖಾನೆಯ ಪದ್ಧತಿ. ಗುಂಡಿ ಹಚ್ಚಿದವರ ಸಂಖ್ಯೆ, ಮುಗಿಸಿದ ದಿನ, ಗಂಟೆ, ಎಲ್ಲ ಯಂತ್ರವೇ ಅದರ ಮೇಲೆ ಒತ್ತುತ್ತಿತ್ತು. ತಪ್ಪಾದರೆ ಯಾರನ್ನು ಬೈಯಬೇಕೆಂದು ತಿಳಿಯಲಿ ಎಂದು ಮಾಲೀಕನೇ ತಂದ ಕಟ್ಟಳೆ. ಆದರೆ ಚೀಟಿಗಳೆಲ್ಲ ಕೋಟಿನ ಜೊತೆಗೇ ಊರೂರಿಗೆ ಹೊರಟುಹೋಗುತ್ತಿದ್ದವು.

“ಬೇಡ ಬೇಡ, ಹೊಸ ಕೋಟು ಹಾಳಾಗುತ್ತೆ!” ಮಾಲೀಕ ಎದ್ದೇಬಿಟ್ಟ.

“ಕಚ್ಚಾ ಹೊಲಿಗೆ, ಒಂದೆಳೆ ಎಳೆದ್ರೆ ಸಾಕು,” ಎಂದಳು ಗುಂಡಿಯಕ್ಕ.

ವಕೀಲರಿಗೂ ಕುತೂಹಲ ತಡೆಯಲಿಲ್ಲ, ಎಳೆದರು. ಚೀಟಿಯನ್ನು ಅಧಿಕಾರಿ ಕೈಗೆತ್ತಿಕೊಂಡು ಓದಿದರು. “ಸಂಖ್ಯೆ ಹದಿನೇಳು. ಸಂಜೆ ಏಳು ನಲವತ್ತು. ಹದಿನೇಳು ಯಾರು?”

“ನಾನೇ, ಸ್ವಾಮಿ.”

“ಅಂಗಡಿಗಳಲ್ಲಿರೋ ಮಿಕ್ಕ ಜೇಬುಗಳನ್ನೂ ಬಿಚ್ಚಿಸೋಣ್ವಾ?” ಅಧಿಕಾರಿ ಮಾಲೀಕನನ್ನು ಕೇಳಿದರು.

ವಕೀಲರು ಅವನ ಕಿವಿಯಲ್ಲಿ ಏನೋ ಊದಿದರು. ಅವನು ಬೆವರು ಒರೆಸಿಕೊಂಡು, ಎಲ್ಲ ಹೆಂಗಸರಿಗೂ ಗಂಡಸರಷ್ಟೇ ಕೂಲಿಯ ಬಾಕಿ ಕೊಟ್ಟು, ತೆಗೆದವರನ್ನು ಕೆಲಸಕ್ಕೆ ಮರಳಿ ಕರೆಯುತ್ತೇನೆಂದು ಬರೆದುಕೊಟ್ಟ. ಗುಂಡಿಯಕ್ಕನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಮೆಟ್ಟಿಲಿಳಿಯುವಾಗ ವಕೀಲರು ಹಿಂದಿನಿಂದ ಓಡಿಬಂದರು. “ಅಮ್ಮಾ, ಇದರಲ್ಲಿ ಇನ್ನೆಲ್ಲೂ ಜೇಬಿಲ್ಲ ತಾನೇ?”

ನಾದಿನಿ ಗೋಡೆ ಹಿಡಿದು ನಕ್ಕಳು.

ಸೋಮವಾರ ಆರಕ್ಕೆ ಗುಂಡಿಯಕ್ಕ ‘ಹೊರಟೆ’ ಎಂದು ಸಹಿ ಹಾಕಿದಳು. ಹೊರಟೂಬಿಟ್ಟಳು. ಬೀದಿಯಲ್ಲಿ ಇನ್ನೂ ಬೆಳಕಿತ್ತು.