ಅವಳ ಮಾತು, ನನ್ನ ಬಾಯಿ

ನನ್ನ ನಾದಿನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಹದಿನಾಲ್ಕು ವರ್ಷ ಅವಳ ಬಾಯಿ ನಾನಾಗಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಜಂಬಕ್ಕೇ ಹೇಳುತ್ತಿದ್ದೇನೆ. ನಾನು ಸೊಸೆಯಾಗಿ ಬಂದಾಗ ಅವಳಿಗೆ ಹದಿನಾರು. ಆ ಮನೆಯಲ್ಲಿ ಯಾರೂ ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಅತ್ತೆ ಭುಜ ಹಿಡಿದು ಊಟಕ್ಕೆ ಕೂರಿಸುತ್ತಿದ್ದರು, ಅಣ್ಣ ಅನ್ನಿಸಿಕೊಂಡ ನನ್ನ ಗಂಡ ತಂಗಿಯ ತಲೆ ಸವರಿ ಕೆಲಸಕ್ಕೆ ಹೋಗುತ್ತಿದ್ದ, ಅಷ್ಟೇ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅವಳ ಕೈಸನ್ನೆಗಳನ್ನು ಒಂದೊಂದಾಗಿ ಕಲಿತವಳು ನಾನು. ಇಲ್ಲದವನ್ನು ಇಬ್ಬರೂ ಸೇರಿ ಮಾಡಿಕೊಂಡೆವು. ಅತ್ತೆ ಎಂದರೆ ಸೊಂಟದ ಮೇಲೆ ಕೈ. ನನ್ನ ಗಂಡ ಎಂದರೆ ಗೊರಕೆ. ನಾನು ಎಂದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಬಾಯಿಯ ಹತ್ತಿರ ಕೊಕ್ಕಿನ ಹಾಗೆ ಬಡಿಯುವುದು. ಆ ಹೆಸರು ಅವಳೇ ಇಟ್ಟಿದ್ದು. ಬಾಯಿಬಡುಕಿ ಎಂದು ತವರಿನಲ್ಲೂ ಕರೆಸಿಕೊಂಡವಳಾದ್ದರಿಂದ ನನಗೆ ಬೇಜಾರಾಗಲಿಲ್ಲ.

ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಎಲ್ಲರೂ ಅವಳನ್ನು ನೋಡಿ ನನ್ನನ್ನು ಕೇಳುತ್ತಿದ್ದರು: "ಏನಂತಾಳೆ?" ನಾನು ಹೇಳುತ್ತಿದ್ದೆ. ಕೆಲವು ಸಲ ಅವಳ ಕೈ ನಿಲ್ಲುವ ಮೊದಲೇ ಹೇಳಿ ಮುಗಿಸುತ್ತಿದ್ದೆ. ಕೆಲವು ಸಲ ಅವಳನ್ನು ಕೇಳುತ್ತಲೇ ಇರಲಿಲ್ಲ. ಅವಳಿಗೆ ಏನು ಬೇಕು ಎಂದು ನನಗೆ ಗೊತ್ತಿಲ್ಲವೇ? ಅತ್ತ ಕಡೆಯ ಮಾತನ್ನು ಇತ್ತ ದಾಟಿಸುವಾಗಲೂ ಅಷ್ಟೇ. ಅರ್ಧ ಗಂಟೆಯ ಮಾತು ನನ್ನ ಕೈಯಲ್ಲಿ ಮೂರು ಸನ್ನೆ. ಎಲ್ಲರೂ ನಕ್ಕಾಗ ಯಾಕೆ ಎಂದು ಅವಳು ತೋಳು ಜಗ್ಗಿದರೆ, ಏನಿಲ್ಲ ಬಿಡು, ಆಮೇಲೆ, ಎಂದು ಕೈ ಬೀಸುತ್ತಿದ್ದೆ. ಆ ಆಮೇಲೆ ಬರುತ್ತಿರಲಿಲ್ಲ. "ನೀನಿಲ್ದೇ ಇದ್ದಿದ್ರೆ ಈ ಹುಡುಗಿ ಗತಿ ಏನಮ್ಮಾ!" ಎಂದು ಜನ ಹೇಳುತ್ತಿದ್ದರು. "ಅಯ್ಯೋ, ಅದ್ರಲ್ಲೇನಿದೆ" ಎಂದು ಮೇಲೆ ಮೇಲೆ ಅಂದು, ಇಡೀ ದಿನ ಅದನ್ನೇ ಮೆಲುಕು ಹಾಕುತ್ತಿದ್ದೆ.

ಹೋದ ವರ್ಷ ತರಬೇತಿ ಕೇಂದ್ರದವರು ಹೆಂಗಸರಿಗೆ ಅಣಬೆ ಬೆಳೆಯುವುದನ್ನು ಕಲಿಸಲು ಬಂದರು. ಶಾಲೆಯ ಹಜಾರದಲ್ಲಿ ಒಬ್ಬ ಸಾಹೇಬರು ಮೈಕು ಹಿಡಿದು, ಗೋಡೆಯ ಮೇಲೆ ಚಿತ್ರ ಬಿಟ್ಟು, ಒಂದೇ ಉಸಿರಿಗೆ ಎರಡು ಗಂಟೆ ಮಾತಾಡಿದರು. ನಾದಿನಿ ನನ್ನ ಎದುರು ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಹೇಳಿದ್ದು ಇಷ್ಟು: ಹುಲ್ಲು ಕತ್ತರಿಸು, ನೆನೆಹಾಕು, ಬೇಯಿಸು, ಬಸಿ, ಚೀಲಕ್ಕೆ ತುಂಬಿ ಅಣಬೆ ಬೀಜ ಹಾಕು, ಕತ್ತಲ ಕೋಣೆಯಲ್ಲಿ ನೇತುಹಾಕು. ಅವಳು ಇಪ್ಪತ್ತು ಚೀಲ ತುಂಬಿದಳು. ಒಂದೊಂದನ್ನೂ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಒರೆಸಿ ಕಟ್ಟಿದಳು. ಹತ್ತನೆಯ ದಿನಕ್ಕೆ ಇಪ್ಪತ್ತೂ ಕೊಳೆತು ನಾರಿದವು. ಅತ್ತೆ ಮೂಗು ಮುಚ್ಚಿಕೊಂಡು ಎಲ್ಲವನ್ನೂ ಹೊರಗೆ ಹಾಕಿಸಿದರು. ಕೇಂದ್ರದ ಕಡತದಲ್ಲಿ ಅವಳ ಹೆಸರಿನ ಮುಂದೆ ವಿಫಲ ಎಂದು ಬರೆದರು. "ಕಿವಿ ಕೇಳದವಳಿಗೆ ಯಾಕಮ್ಮಾ ಇದೆಲ್ಲ" ಎಂದು ಪಕ್ಕದ ಮನೆಯವಳು ಹೇಳಿದಾಗ, ನಾನು ನಿಟ್ಟುಸಿರು ಬಿಟ್ಟು ಹೌದೆಂಬಂತೆ ತಲೆಯಾಡಿಸಿದೆ.

ಆರು ತಿಂಗಳ ನಂತರ ಆ ಸಾಹೇಬರ ಜಾಗಕ್ಕೆ ಒಬ್ಬ ಮೇಡಂ ಬಂದರು. ಅಣಬೆ ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದರು. ಸಣ್ಣ ಮೈ, ದೊಡ್ಡ ಬ್ಯಾಗು, ಕಾಲಲ್ಲಿ ಗಂಡಸರ ಚಪ್ಪಲಿ. ಮೈಕು ಮುಟ್ಟಲಿಲ್ಲ. ಹಜಾರಕ್ಕೆ ಬಂದವರೇ ನನ್ನನ್ನು ದಾಟಿಕೊಂಡು ಹೋಗಿ ನನ್ನ ನಾದಿನಿಯ ಮುಂದೆ ಕೂತು, ಕೈಯಲ್ಲಿ ಏನೋ ಕೇಳಿದರು. ಅವರ ತಾಯಿಗೂ ಕಿವಿ ಕೇಳಿಸುತ್ತಿರಲಿಲ್ಲವಂತೆ. ನಾನು ಅಭ್ಯಾಸಬಲದಿಂದ ಬಾಯಿ ಹಾಕಿದೆ. "ಅವಳಿಗೆ ಅಷ್ಟೆಲ್ಲ ತಿಳಿಯಲ್ಲ ಮೇಡಂ, ನನ್ನ ಕೇಳಿ." ಮೇಡಂ ನನ್ನ ಕಡೆ ತಿರುಗದೆಯೇ, "ಕೇಳ್ತೀನಮ್ಮಾ, ಮೊದಲು ಅವರನ್ನ ಕೇಳ್ತೀನಿ" ಎಂದರು. ಇಂಗು ತಿಂದ ಮಂಗನ ಹಾಗೆ ಕೂತೆ.

ಅವರಿಬ್ಬರ ಕೈಗಳು ಓಡಿದವು. ನಡುವೆ ಮೇಡಂ ನೆಲದ ಮೇಲೆ ಚಿತ್ರ ಬರೆದರು: ಪಾತ್ರೆ, ಹಬೆ, ಹುಲ್ಲು, ಚೀಲ. ಕಡೆಗೆ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಬೆಂದ ಹುಲ್ಲು ಪೂರ್ತಿ ತಣ್ಣಗಾಗಬೇಕು. ಬಿಸಿ ಹುಲ್ಲಿಗೆ ಬೀಜ ಹಾಕಿದ್ರೆ ಬೀಜ ಸತ್ತೋಗುತ್ತೆ. ಇವರಿಗೆ ಇದನ್ನ ಯಾರೂ ಹೇಳಿರಲಿಲ್ವಂತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಆ ಸಾಹೇಬರು ತಣ್ಣಗಾಗಲಿ ಎಂದಿದ್ದು ನನಗೆ ನೆನಪಾಯಿತು. ಆ ಹೊತ್ತಿಗೆ ನಾನು ಪಕ್ಕದವಳ ಹೊಸ ಬಳೆಯ ವಿಚಾರ ಕೇಳುತ್ತಿದ್ದೆ. "ಹೇಳಿದ್ದೆ ಮೇಡಂ, ಅವಳೇ ಮರೆತಿರಬೇಕು" ಎಂದೆ. ಮೇಡಂ ನನ್ನ ಮುಖ ನೋಡಿ ಮತ್ತೆ ಅವಳ ಕಡೆ ತಿರುಗಿದರು. ನಾದಿನಿಗೆ ನಾನು ಅಂದದ್ದು ಕೇಳಿಸಲಿಲ್ಲ. ಅವಳಿಗೆ ಕೇಳಿಸದೇ ಇದ್ದದ್ದಕ್ಕೆ ನಾನು ಸಮಾಧಾನಪಟ್ಟದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಅಣಬೆ ಮೇಡಂ ವಾರಕ್ಕೆ ಎರಡು ಮಧ್ಯಾಹ್ನ ಅವಳನ್ನು ಕೇಂದ್ರಕ್ಕೆ ಕರೆಸಿಕೊಂಡರು. ಅಲ್ಲಿ ಅವಳಂಥವರು ಇನ್ನೂ ಆರು ಜನ ಇದ್ದರಂತೆ. ಬರುತ್ತಾ ಬರುತ್ತಾ ಅವಳ ಕೈಗೆ ಹೊಸ ಸನ್ನೆಗಳು ಅಂಟಿಕೊಂಡು ಬಂದವು. ನಮ್ಮ ಅಡುಗೆಮನೆಯ ಸನ್ನೆಗಳು ಅವುಗಳ ಮುಂದೆ ಹಳೇ ಪಾತ್ರೆಗಳ ಹಾಗೆ ಕಂಡವು. ಊಟಕ್ಕೆ ಕೂತಾಗ ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ಏನೇ ಅದು, ಎಂದು ಕೇಳಿದರೆ, ಏನಿಲ್ಲ ಬಿಡು, ದೊಡ್ಡ ಕಥೆ, ಎಂದು ಕೈ ಬೀಸುತ್ತಿದ್ದಳು. ನನ್ನ ಕೈಯಿಂದಲೇ ಕಲಿತದ್ದು! ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಎಷ್ಟು ಸಲ ನೆನಪಾಯಿತೋ ಲೆಕ್ಕವಿಲ್ಲ. ಹದಿನಾಲ್ಕು ವರ್ಷ ಸಾಕಿದವಳು ನಾನು, ನಿನ್ನೆ ಮೊನ್ನೆ ಬಂದವಳಿಗೆ ಈ ನಗು.

ಅವಳ ಎರಡನೆಯ ಸಲದ ಚೀಲಗಳಲ್ಲಿ ಬಿಳಿ ಎಳೆ ಹಬ್ಬಿ, ಅಣಬೆ ಗೊಂಚಲು ಗೊಂಚಲಾಗಿ ಬಂದವು. ನೋಡಲು ಬಂದವರೆಲ್ಲ ಅವಳನ್ನೇ ಕೇಳತೊಡಗಿದರು. ಕಟ್ಟಡದ ಕೆಲಸಕ್ಕೆಂದು ದೂರದಿಂದ ಬಂದು ತಗಡಿನ ಮನೆಗಳಲ್ಲಿದ್ದ ಹೆಂಗಸರೂ ಬಂದರು. ಅವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು. ಮೈಕಿನ ಸಾಹೇಬರು ಅವರನ್ನು ಕರೆದೇ ಇರಲಿಲ್ಲ. ನಾದಿನಿಗೆ ಎಲ್ಲ ಭಾಷೆಯೂ ಒಂದೇ. ಒಬ್ಬೊಬ್ಬಳ ಮುಷ್ಟಿಯಲ್ಲಿ ಬೆಂದ ಹುಲ್ಲು ಇಟ್ಟು, ಅದರ ಮೇಲೆ ತನ್ನ ಮುಷ್ಟಿ ಹಿಡಿದು ಹಿಂಡುತ್ತಿದ್ದಳು. ನೀರು ತೊಟ್ಟಿಕ್ಕಿದರೆ ತಲೆಯಾಡಿಸಿ ಬೇಡ ಎನ್ನುತ್ತಿದ್ದಳು. ಅಂಗೈ ಒದ್ದೆಯಾಗಿ, ಹನಿ ಬೀಳದಿದ್ದರೆ ಸರಿ. ಹುಲ್ಲನ್ನು ಅವರ ಕೆನ್ನೆಗೆ ಒತ್ತಿ, ತಣ್ಣಗಾಯಿತೇ ನೋಡು ಎನ್ನುತ್ತಿದ್ದಳು. ಆಮೇಲೆ ಅವರೇ ಮೊದಲಿನಿಂದ ಮಾಡಿ ತೋರಿಸುವವರೆಗೆ ಏಳಲು ಬಿಡುತ್ತಿರಲಿಲ್ಲ. ಬಾಯಿಗೆ ಕೆಲಸವೇ ಇಲ್ಲದ ಆ ಜಾಗದಲ್ಲಿ ನಾನು ಎಲ್ಲರಿಗೂ ನೀರು ಕೊಡುತ್ತಾ ಓಡಾಡಿದೆ.

ಹೀಗಿರುವಾಗ ಕೇಂದ್ರದಲ್ಲಿ ಕ್ಷೇತ್ರ ಸಹಾಯಕಿಯ ಕೆಲಸ ಖಾಲಿಯಾಯಿತು. ಊರೂರು ಸುತ್ತಿ ಹೆಂಗಸರಿಗೆ ಕಲಿಸುವ ಕೆಲಸ. ಅಣಬೆ ಮೇಡಂ ನಾದಿನಿಯ ಹೆಸರು ಬರೆಸಿದರು. ಕೆಲಸ ಸಿಕ್ಕರೆ ಅವಳು ಬೆಳಿಗ್ಗೆ ಅವರ ಜೀಪು ಹತ್ತಿ ಹೋಗಿ ಸಂಜೆ ಬರುತ್ತಾಳೆ. ನಾನು ಅತ್ತೆಯ ಜೊತೆ ಮನೆಯಲ್ಲಿರುತ್ತೇನೆ. ಸಿಗದಿದ್ದರೆ ಎಲ್ಲ ಮೊದಲಿನ ಹಾಗೆ. ಸಿಗದಿರಲಿ ಎಂದು ನಾನು ಬಯಸಿದೆ. ಮುಚ್ಚಿಡುವುದೇಕೆ, ಮನಸ್ಸಿಟ್ಟು ಬಯಸಿದೆ.

ಸಂದರ್ಶನದ ದಿನ ಕೇಂದ್ರಕ್ಕೆ ಅವಳ ಜೊತೆ ಹೋದೆ. ಕಲಿಸಿದವರು ಒಳಗೆ ಕೂರುವಂತಿಲ್ಲ ಎಂಬ ನಿಯಮವಿದ್ದದ್ದರಿಂದ ಅಣಬೆ ಮೇಡಂ ಹೊರಗೆ ಉಳಿದರು. ಕೈಭಾಷೆ ಬಲ್ಲವರೊಬ್ಬರು ಬೇರೆ ಊರಿನಿಂದ ಬರಬೇಕಿತ್ತು, ಬರಲಿಲ್ಲ. ಗುಮಾಸ್ತೆ ಬಾಗಿಲಿಗೆ ಬಂದು, "ಇವರ ಮಾತು ತಿಳಿಯೋರು ಯಾರಾದ್ರೂ ಇದ್ದೀರಾ?" ಎಂದಳು. ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಒಂದೂ ಬಿಡದೆ ಹೇಳಿ" ಎಂದರು ಮೇಡಂ, ನನ್ನ ಕೈ ಹಿಡಿದು. ಅವರು ಬೇಡುತ್ತಿದ್ದರು. ನನಗೆ ಅದೂ ಖುಷಿಯಾಯಿತು.

ಒಳಗೆ ಉದ್ದನೆಯ ಮೇಜು, ಅದರ ಮೇಲೆ ಕಡತಗಳ ಕಟ್ಟು, ಒಂದು ತಟ್ಟೆಯಲ್ಲಿ ನೆನೆದ ಹುಲ್ಲು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡಿದ್ದ ಅಧಿಕಾರಿ ಹುಲ್ಲು ಹಿಂಡಿಸಿ ನೋಡಿದರು, ಬೀಜದ ಎರಡು ಬಾಟಲಿ ತೋರಿಸಿ ಕೆಟ್ಟದ್ದು ಯಾವುದು ಎಂದು ಕೇಳಿದರು. ಎಲ್ಲಕ್ಕೂ ಅವಳು ಕೈಯಲ್ಲೇ ಉತ್ತರಿಸಿದಳು, ನನ್ನ ಅಗತ್ಯ ಬೀಳಲಿಲ್ಲ. ಆಮೇಲೆ ಅವರು ಕಡತ ತೆರೆದರು.

"ಹೋದ ವರ್ಷ ಇವರ ಇಪ್ಪತ್ತು ಚೀಲಾನೂ ಕೊಳೆತಿವೆ ಅಂತ ಇದೆ ಇಲ್ಲಿ. ಯಾಕಂತೆ ಕೇಳಿ. ತಾನು ಎಡವಿದ್ದೆಲ್ಲಿ ಅಂತ ಗೊತ್ತಿಲ್ಲದವರನ್ನ ಕಲಿಸೋಕೆ ಕಳಿಸೋಕಾಗಲ್ಲ."

ನಾನು ಕೇಳಿದೆ. ಅವಳ ಕೈಗಳು ಎದ್ದವು. ಹೊಸ ಸನ್ನೆಗಳ ನಡುವೆ ನನ್ನ ಹೆಸರಿನ ಕೊಕ್ಕು ಬಡಿಯಿತು, ಒಂದಲ್ಲ, ಮೂರು ಸಲ. ತುಂಬ ಹೊತ್ತು ಹೇಳಿದಳು. ಒಂದೆರಡು ಸನ್ನೆ ಗೊತ್ತಾಗದಿದ್ದರೂ ವಿಷಯ ಪೂರ್ತಿ ಗೊತ್ತಾಯಿತು. ಅಂದರೆ ಅಣಬೆ ಮೇಡಂ ಬಂದ ದಿನದಿಂದಲೂ ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ತಿಂಗಳು ನನ್ನ ಪಕ್ಕ ಕೂತು ಉಂಡಿದ್ದಳು.

"ಆವಾಗ ನನಗೆ ಸರಿಯಾಗಿ ತಿಳೀಲಿಲ್ಲ, ತಪ್ಪಾಯ್ತು ಅಂತಾಳೆ ಸಾರ್" ಎಂದೆ.

"ಹ್ಞೂಂ" ಎಂದು ಅವರು ಕಡತ ಮುಚ್ಚತೊಡಗಿದರು. ಬೆಳಗಿನ ಜೀಪು, ಸಂಜೆಯ ನಗು, ಎಲ್ಲವೂ ಆ ಕಡತದೊಂದಿಗೆ ಮುಚ್ಚಿಕೊಳ್ಳುತ್ತಿದ್ದವು. ನಾದಿನಿ ಅವರ ಮುಖ ನೋಡಿದಳು, ನನ್ನ ಬಾಯಿ ನೋಡಿದಳು. ಅಷ್ಟುದ್ದ ಹೇಳಿದ್ದು ಇಷ್ಟು ಬೇಗ ಮುಗಿಯುವುದಿಲ್ಲ ಎಂದು ತಿಳಿಯಲು ಕಿವಿ ಬೇಕಾಗಿಲ್ಲ. ಸಿಟ್ಟಾಗುತ್ತಾಳೆ, ಮೇಜು ಗುದ್ದುತ್ತಾಳೆ ಎಂದುಕೊಂಡೆ. ಅವಳು ಹಾಗೆ ಮಾಡಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ಹೇಳಿದಳು, ನಿಧಾನವಾಗಿ. ಈ ಸಲ ಹೊಸ ಸನ್ನೆ ಒಂದೂ ಇರಲಿಲ್ಲ. ಎಲ್ಲವೂ ನಮ್ಮ ಅಡುಗೆಮನೆಯವು, ನಾವಿಬ್ಬರೇ ಮಾಡಿಕೊಂಡವು. ನನಗೆ ಅರ್ಥವಾಗಲಿಲ್ಲ ಎಂದು ನಂಬಿದ್ದಳೋ, ನಂಬಿದಂತೆ ನಟಿಸಿದಳೋ, ಇವತ್ತಿಗೂ ನಾನು ಕೇಳಿಲ್ಲ. ಅರ್ಥವಾಗಲಿಲ್ಲ ಎನ್ನಲು ನನಗೆ ಇನ್ನು ಜಾಗವಿರಲಿಲ್ಲ.

"ಸಾರ್, ತಾಳಿ. ನಾನು ಪೂರ್ತಿ ಹೇಳ್ಲಿಲ್ಲ."

ಕಡತದ ಮೇಲಿನ ಕೈ ನಿಂತಿತು.

"ಬೆಂದ ಹುಲ್ಲು ತಣ್ಣಗಾಗ್ಬೇಕು ಅನ್ನೋದು ನನ್ನವರೆಗೆ ಬರಲೇ ಇಲ್ಲ ಅಂತಾಳೆ. ಅತ್ತಿಗೆ ಎಲ್ಲಾನೂ ಚುಟುಕು ಮಾಡಿ ಹೇಳ್ತಾಳಂತೆ. ಜನ ನೂರು ಮಾತಾಡಿದ್ರೆ ಹತ್ತು ನನಗೆ ಕೊಟ್ಟು, ಮಿಕ್ಕಿದ್ದು ತಾನೇ ಇಟ್ಕೋತಾಳೆ ಅಂತಾಳೆ. ಕೆಟ್ಟವಳಲ್ಲ, ನನ್ನ ಮೇಲೆ ಪ್ರೀತಿ ಇದೆ, ಆದ್ರೂ ಇಟ್ಕೋತಾಳೆ. ಅದಕ್ಕೇ ನಾನು ಕಲಿಸುವಾಗ ಹೇಳೋದಿಲ್ಲ, ಅವರ ಕೈಯಲ್ಲೇ ಮಾಡಿಸ್ತೀನಿ. ಅವರು ತಿರುಗಿ ಮಾಡಿ ತೋರಿಸೋ ತನಕ ಏಳೋಕೆ ಬಿಡಲ್ಲ. ನಡುವೆ ಏನು ಬಿಟ್ಟುಹೋಗುತ್ತೆ ಅಂತ ನನಗೆ ಗೊತ್ತಿರೋ ಹಾಗೆ ಕಿವಿ ಇರೋರಿಗೆ ಗೊತ್ತಿರಲ್ಲ, ಅಂತಾಳೆ."

ಹದಿನಾಲ್ಕು ವರ್ಷದಲ್ಲಿ ಅವಳ ಮಾತನ್ನು ಒಂದೂ ಬಿಡದೆ ಹೇಳಿದ್ದು ಅದೇ ಮೊದಲು. ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ನನಗೇ ಗೊತ್ತಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಅಧಿಕಾರಿ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡು ಏನೋ ಬರೆದರು, ಬರೆದದ್ದನ್ನು ಗುಮಾಸ್ತೆಗೆ ತೋರಿಸಿದರು. ಅವಳು ತಲೆಯಾಡಿಸಿ ನಕ್ಕಳು. "ಮುಂದಿನ ವಾರದಿಂದ ಬರೋಕೆ ಹೇಳಿ" ಎಂದು ನನಗೆ ಅಂದು, ಅವರೂ ನಕ್ಕರು. "ಅಲ್ಲಮ್ಮಾ, ಅಂಥ ಅತ್ತಿಗೆ ಮನೇಲಿದ್ರೆ ಶತ್ರು ಬೇರೆ ಬೇಕಾ? ಸದ್ಯ, ಇವತ್ತು ಅವರ ಬದಲು ನೀವು ಬಂದ್ರಿ."

ನಾದಿನಿ ನನ್ನ ತೋಳು ಜಗ್ಗಿದಳು. ಏನಂದರು? ಯಾಕೆ ನಕ್ಕರು? ನಾನು ಎಲ್ಲವನ್ನೂ ಹೇಳಿದೆ. ಕೆಲಸ ಸಿಕ್ಕಿತು ಎಂದು ಹೇಳಿದೆ, ಶತ್ರು ಎಂದದ್ದನ್ನೂ ಹೇಳಿದೆ, ನಾನು ಯಾರೆಂದು ತಿಳಿಯದೆ, ಅತ್ತಿಗೆಯ ಬದಲು ಬಂದೆನೆಂದು ಅವರು ನನ್ನನ್ನೇ ಮೆಚ್ಚಿದ್ದನ್ನೂ ಹೇಳಿದೆ. ಕೆಲಸದ ಸುದ್ದಿಗೆ ಅರಳಿದ ಅವಳ ಮುಖ ಕೊನೆಯ ಮಾತಿಗೆ ಕುಂದಿತು. ಮೇಜಿನ ಕೆಳಗೆ ನನ್ನ ಕೈ ಒತ್ತಿ ಹಿಡಿದು, ಸಣ್ಣಗೆ ತಲೆಯಾಡಿಸಿದಳು. ಹೇಳಬೇಡ. ನೀನೇ ಅಂತ ಹೇಳಬೇಡ.

ಗೆದ್ದವಳೂ ಅವಳೇ, ನನ್ನ ಮಾನ ಕಾಪಾಡುವವಳೂ ಅವಳೇ ಆಗಬೇಕೇ? ಆ ದೊಡ್ಡತನವನ್ನೂ ಅವಳಿಗೇ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ. ಕೈ ಬಿಡಿಸಿಕೊಂಡು ಎದ್ದು ನಿಂತೆ.

"ಆ ಅತ್ತಿಗೆ ನಾನೇ ಸಾರ್" ಎಂದೆ.